‘ಚೇಂಬರ್ ಮ್ಯೂಸಿಕ್’ಗೆ ಬ್ಯಾನರ್ ಮೇಲೆ ಏನು ಬರೆಸೋದು?

ಧಾರವಾಡದಿಂದ:
ಎಲ್ಲರಿಗೂ ನಮಸ್ಕಾರ. ವಯೊಲಿನ್ ಕಲಿಯುವ ಮಕ್ಕಳು, ಕೆಲವು ಹವ್ಯಾಸಿಗಳು ಸೇರಿ ಭಾನುವಾರ ನುಡಿಸ್ತಾರೆ. ಜರ್ಮನಿಯ ಸಂಗೀತಗಾರ ಟೆಲೆಮಾನ್ ಬರೆದ, ನಾಲ್ಕು ವಯೊಲಿನ್‌ಗಳ ಒಂದು ಕಾನ್ಸರ್ಟೊ (ವಾದ್ಯಗಳಿಗೆ ಬರೆದ ರಚನೆ), ಹಂಗೇರಿಯ ಬಾರ್ಟೋಕ್ ಅವರ 44 ಜೋಡಿ ವಯೊಲಿನ್ ರಚನೆಗಳಲ್ಲಿ ಕೆಲವು. ಬ್ಯಾನರ್ ನಾಳೆ ಪ್ರಿಂಟ್‌ಗೆ ಹೋಗಬೇಕು. ಹೀಗೆ ಕೆಲವೇ ಜನ ಕೂತು ನುಡಿಸುವ ಚೇಂಬರ್ ಮ್ಯೂಸಿಕ್‌ಗೆ ಕನ್ನಡದಲ್ಲಿ ‘ಕೊಠಡಿ ಸಂಗೀತ’ ಅಂತ ಒಬ್ಬರು, ‘ವಾದ್ಯವೃಂದ’ ಅಂತ ಇನ್ನೊಬ್ಬರು ಹೇಳಿದರು. ಯಾವುದು ಸರಿ?

ಗದಗದಿಂದ:
ಎರಡೂ ಬೇಡ. ಇಟಲಿಯವರು ಚರ್ಚಿನ ಸಂಗೀತ ಬೇರೆ, ‘ಕಾಮೆರಾ’ದ, ಅಂದರೆ ಕೋಣೆಯ, ಸಂಗೀತ ಬೇರೆ ಅಂತ ವಿಂಗಡಿಸಿದ್ದರು. ಚೇಂಬರ್ ಬಂದದ್ದು ಅಲ್ಲಿಂದ. ಅರಮನೆ, ಮನೆಗಳ ಒಳಗೆ ನುಡಿಸುವುದು ಅಂತ ಅರ್ಥ. ನಮ್ಮ ಕಡೆ ಅದಕ್ಕೆ ‘ಬೈಠಕ್’ ಇದೆಯಲ್ಲ! ವಾದ್ಯವೃಂದದಲ್ಲಿ ಒಂದೇ ಸ್ವರಸಾಲನ್ನು ಹತ್ತು ಜನ ನುಡಿಸ್ತಾರೆ. ಇಲ್ಲಿ ಸಾಲಿಗೆ ಒಬ್ಬರೇ. ಪಕ್ಕದವರ ದನಿಯಲ್ಲಿ ತಪ್ಪು ಮುಚ್ಚಿಹೋಗಲ್ಲ. ಕಲಿಯುವವರ ಕಿವಿ ಪಳಗೋದು ಹೀಗೆ. 1887ರಲ್ಲಿ ಪ್ರಾಗ್‌ನಲ್ಲಿ ಸಂಗೀತ ರಚನೆಕಾರ ದ್ವೊರ್ಝಾಕ್ ಇದ್ದ ಮನೆಯಲ್ಲೇ ರಸಾಯನಶಾಸ್ತ್ರ ಓದುವ ಹುಡುಗನೊಬ್ಬ ಇದ್ದ. ಅವನು, ಅವನ ವಯೊಲಿನ್ ಮಾಸ್ತರರು, ತಾವು, ಮೂವರೂ ಕೂತು ನುಡಿಸಲಿ ಅಂತ ದ್ವೊರ್ಝಾಕ್ ‘ಟೆರ್ಜೆಟ್ಟೊ’ ಬರೆದರು. ಎರಡು ವಯೊಲಿನ್, ಒಂದು ವಿಯೋಲಾ (ವಯೊಲಿನ್‌ಗಿಂತ ತುಸು ದೊಡ್ಡದು). ಹುಡುಗನಿಗೆ ಅದು ಕಷ್ಟವಾಯಿತು. ಆಗ ಇನ್ನೂ ಸುಲಭದ್ದನ್ನು ಬರೆದುಕೊಟ್ಟರು. ಇಂಥ ಸಂಗೀತಕ್ಕೆ ಬೈಠಕ್ಕೇ ಸರಿ.

ಹಾವೇರಿಯಿಂದ:
ಬೈಠಕ್ ಹಿಂದಿ. ಕನ್ನಡ ಕೇಳಿದವರಿಗೆ ಹಿಂದಿ ಕೊಡಬೇಡಿ. ‘ಕಿರುಮೇಳ’ ಅನ್ನಿ. ವಯೊಲಿನ್ ಕೂಡ ಬೇಡ, ‘ಪಿಟೀಲು’ ಇದೆ.

ಗದಗದಿಂದ:
ಪಿಟೀಲು ಯಾವ ಊರಿನ ಕನ್ನಡ? ಫಿಡಲ್ ಅಂತ ಬಂದದ್ದೇ ಪಿಟೀಲು ಆಯಿತು. ಅದನ್ನು ಒಳಗೆ ಬಿಟ್ಟುಕೊಂಡು ಬೈಠಕ್ಕನ್ನು ಹೊರಗೆ ನಿಲ್ಲಿಸೋದು ನ್ಯಾಯ ಅಲ್ಲ. ಹಾರ್ಮೋನಿಯಂಗೆ ‘ಪೇಟಿ’ ಅಂತೀವಿ. ಅದನ್ನೂ ಬಿಡಬೇಕಾ? ಮೂಲ ಕೆದಕುತ್ತಾ ಹೋದರೆ ಸಂಗೀತದ ಮಾತೇ ಆಡೋಕಾಗಲ್ಲ.

ಹಾವೇರಿಯಿಂದ:
ಮೂಲ ಬಿಡಿ, ಅರ್ಥವೇ ಹೊಂದಲ್ಲ. ಬೈಠಕ್‌ನಲ್ಲಿ ಗವಾಯಿಗಳು ಮುಂದೆ, ತಬಲಾ ಮತ್ತು ಪೇಟಿ ಸಾಥ್‌ಗೆ. ಟೆಲೆಮಾನ್‌ನಲ್ಲಿ ನಾಲ್ವರೂ ಸಮ. ಸಾಥ್ ಅನ್ನೋದೇ ಇಲ್ಲ. ಒಬ್ಬರು ಎತ್ತಿದ ಎಳೆಯನ್ನು ಇನ್ನೊಬ್ಬರು ಹಿಡೀತಾರೆ. ಮೇಳ ಅಂದರೆ ಕೂಡುವುದು. ನಮ್ಮ ಭಜನಾ ಮೇಳದವರಿಗೂ ಗೊತ್ತಿರುವ ಪದ.

ಧಾರವಾಡದಿಂದ:
ಸಾಥ್ ಬಗ್ಗೆ ಹೇಳಿದ್ದು ನನಗೆ ಸರಿ ಕಂಡಿತು. ‘ವಯೊಲಿನ್ ಕಿರುಮೇಳ’ ಅಂತ ಬರೆಸುತ್ತೇನೆ. ಭಜನೆ ಅಂದುಕೊಂಡು ಯಾರೂ ಬರದಂತೆ ಕೆಳಗೆ ‘ಪಾಶ್ಚಾತ್ಯ ಸಂಗೀತ’ ಅಂತಲೂ ಇರುತ್ತೆ. ಪಿಟೀಲು ಮಾತ್ರ ಬೇಡ ಸರ್, ನಮ್ಮ ಮಕ್ಕಳು ಯಾರೂ ಹಾಗೆ ಅನ್ನಲ್ಲ.