ಕಡಿಮೆ ಬೆಲೆಯ 4×32 ಸ್ಕೋಪ್ ಕೊಳ್ಳುವ ಮೊದಲು: ಬಳಗದ ಪ್ರಶ್ನೋತ್ತರ

(ಉತ್ತರಿಸುವವರು: ಹಾಸನದಲ್ಲಿ ಬಂದೂಕು ದುರಸ್ತಿ ಮತ್ತು ಗುರಿ ತರಬೇತಿಯ ಕೆಲಸ ಮಾಡುವ ಬಳಗದ ಸದಸ್ಯರು)

ಪ್ರಶ್ನೆ (ಮೂಡಿಗೆರೆಯ ಕಾಫಿ ಬೆಳೆಗಾರರೊಬ್ಬರಿಂದ): ನನ್ನ ಬಳಿ .177 ಕ್ಯಾಲಿಬರಿನ, ನಳಿಗೆ ಬಗ್ಗಿಸಿ ಪೆಲೆಟ್ (ಸಣ್ಣ ಸೀಸದ ಗುಂಡು) ತುಂಬುವ ಸ್ಪ್ರಿಂಗ್ ಏರ್ ರೈಫಲ್ ಇದೆ. ತೋಟದ ಮನೆಯ ಹಿಂದಿನ ಮಣ್ಣಿನ ದಿಬ್ಬಕ್ಕೆ ಹಲಗೆ ನಿಲ್ಲಿಸಿ 25 ಮೀಟರಿನಿಂದ ಗುರಿ ಅಭ್ಯಾಸ ಮಾಡುತ್ತೇನೆ. ವಯಸ್ಸು ಐವತ್ತು ದಾಟಿದ ಮೇಲೆ ಹಿಂದಿನ ಸೈಟು, ಮುಂದಿನ ಮೊನೆ, ಗುರಿ ಈ ಮೂರೂ ಒಟ್ಟಿಗೆ ಸ್ಪಷ್ಟವಾಗಿ ಕಾಣುತ್ತಿಲ್ಲ. ಮೂರು ಸಾವಿರ ರೂಪಾಯಿಯ ಒಳಗೆ 4×32 ಸ್ಕೋಪ್ (ಬಂದೂಕಿನ ಮೇಲೆ ಕೂರಿಸುವ ದೂರದರ್ಶಕ; ನಾಲ್ಕು ಪಟ್ಟು ವರ್ಧನೆ, 32 ಮಿಲಿಮೀಟರಿನ ಮುಂದಿನ ಮಸೂರ) ಸಿಗುತ್ತಿದ್ದು, ಬೇಟೆಗೂ ಗುರಿ ಅಭ್ಯಾಸಕ್ಕೂ ಸೂಕ್ತ ಎಂದು ಅದರ ಡಬ್ಬದ ಮೇಲೆ ಬರೆದಿದೆ. ಕೊಟ್ಟ ಹಣಕ್ಕೆ ಇದು ಬಾಳುತ್ತದೆಯೇ, ಅಥವಾ ಇನ್ನಷ್ಟು ಹಾಕಿ, ವರ್ಧನೆಯನ್ನು ಮೂರರಿಂದ ಒಂಬತ್ತು ಪಟ್ಟಿನವರೆಗೆ ಬದಲಿಸಬಹುದಾದ 3-9×40 ಕೊಳ್ಳುವುದು ಮೇಲೇ?

ಉತ್ತರ: ಅದೇ ಬೆಲೆಯ ಆಸುಪಾಸಿನಲ್ಲಿ ಎರಡೂ ಸಿಗುವುದಾದರೆ ನಾನು ಸ್ಥಿರ ವರ್ಧನೆಯ 4×32 ಅನ್ನೇ ಆರಿಸುತ್ತೇನೆ. ಹೆಚ್ಚು ಕಡಿಮೆ ಮಾಡುವ ಜೂಮ್ ಸ್ಕೋಪಿನಲ್ಲಿ ಮಸೂರಗಳೂ ಚಲಿಸುವ ಭಾಗಗಳೂ ಹೆಚ್ಚು. ಅಗ್ಗದ ತಯಾರಿಕೆಯಲ್ಲಿ ಸಡಿಲಾಗುವುದು ಆ ಭಾಗಗಳೇ. ನಾಲ್ಕು ಪಟ್ಟು ವರ್ಧನೆ 25 ಮೀಟರಿಗೆ ಧಾರಾಳವಾಗಿ ಸಾಲುತ್ತದೆ. ಮೇಲಾಗಿ, ಗುರಿಯೂ ಸ್ಕೋಪಿನೊಳಗೆ ಕಾಣುವ ಕೂಡುಗೆರೆಯಾದ ಕ್ರಾಸ್‌ಹೇರೂ ಒಂದೇ ಸಮತಲದಲ್ಲಿ ಕಾಣುವುದರಿಂದ ನಿಮ್ಮ ಕಣ್ಣಿನ ತೊಂದರೆಗೆ ಯಾವ ಸ್ಕೋಪಾದರೂ ಪರಿಹಾರವೇ.

ಬೆಳಕಿನ ವಿಷಯದಲ್ಲೂ 4×32 ಬಡಪಾಯಿಯಲ್ಲ. ಮುಂದಿನ ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿನ ಕಡೆಗೆ ಹೊರಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. ಇಲ್ಲಿ ಅದು 8 ಮಿಲಿಮೀಟರ್. ಕತ್ತಲಲ್ಲಿ ಹರೆಯದವರ ಪಾಪೆ ಸುಮಾರು 7 ಮಿಲಿಮೀಟರಿನಷ್ಟು ಅರಳಿದರೆ, ನಮ್ಮ ವಯಸ್ಸಿನಲ್ಲಿ ಅದು 5ರ ಹತ್ತಿರಕ್ಕೆ ಇಳಿದಿರುತ್ತದೆ. ಎಂದರೆ ಕಣ್ಣು ತೆಗೆದುಕೊಳ್ಳಬಲ್ಲಷ್ಟು ಬೆಳಕನ್ನು ಈ ಪುಟ್ಟ ಸ್ಕೋಪ್ ಪೂರ್ತಿಯಾಗಿ ಕೊಡುತ್ತದೆ. 3-9×40 ಅನ್ನು ಒಂಬತ್ತಕ್ಕೆ ತಿರುಗಿಸಿದರೆ ಅದೇ ಲೆಕ್ಕ 4.4 ಮಿಲಿಮೀಟರಿಗೆ ಇಳಿಯುತ್ತದೆ. ಆದರೆ ಮಸೂರದ ಲೇಪನ ಸರಿಯಿಲ್ಲದಿದ್ದರೆ ಈ ಲೆಕ್ಕವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯಲ್ಲಿ ಶೇಕಡ 4ರಷ್ಟು ಬೆಳಕು ಪ್ರತಿಫಲನವಾಗಿ ಹೋಗುತ್ತದೆ. ಅಂಥ ಹತ್ತು ಮೇಲ್ಮೈಗಳನ್ನು ದಾಟುವಷ್ಟರಲ್ಲಿ ಮೂರನೆಯ ಒಂದು ಭಾಗ ನಷ್ಟವಾಗಿರುತ್ತದೆ. ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಮುಂದಿನ ಮಸೂರದಲ್ಲಿ ನೋಡಿ. ಅದು ಬೆಳ್ಳಗೆ ಕಂಡರೆ ಲೇಪನವಿಲ್ಲ. ಮಂದವಾದ ನೀಲಿ, ನೇರಳೆ ಅಥವಾ ಹಸಿರು ಛಾಯೆ ಕಂಡರೆ ಲೇಪನವಿದೆ. ಮಾಣಿಕ್ಯದಂತೆ ಕೆಂಪಗೆ ಹೊಳೆಯುವ ಮಸೂರ ನೋಡುವುದಕ್ಕೆ ಚೆಂದ, ಅಷ್ಟೆ. ಒಳಗೆ ಬರಬೇಕಾದ ಕೆಂಪು ಬೆಳಕನ್ನು ಅದು ಹೊರಗೇ ತಳ್ಳುವುದರಿಂದ ದೃಶ್ಯ ಹಸಿರು ಬಣ್ಣಕ್ಕೆ ತಿರುಗುತ್ತದೆ.

ಇಷ್ಟು ಹೇಳಿದರೂ, ಅಗ್ಗದ ಸ್ಕೋಪನ್ನು ಅದು ತೋರಿಸುವ ಚಿತ್ರದಿಂದ ಅಳೆಯಬಾರದೆಂಬುದೇ ನನ್ನ ಅಭಿಪ್ರಾಯ. ಅಂಗಡಿಯಾತ ಬಾಗಿಲಾಚೆಯ ಬೋರ್ಡನ್ನು ತೋರಿಸಿ ‘ಎಷ್ಟು ಕ್ಲಿಯರ್ ನೋಡಿ ಸಾರ್’ ಎನ್ನುತ್ತಾನೆ; ಚಿತ್ರ ಚೆನ್ನಾಗಿಯೇ ಇರುತ್ತದೆ. ನೋಡಬೇಕಾದದ್ದು ಎರಡು ಸಂಗತಿ. ಮೊದಲನೆಯದು, ಒಮ್ಮೆ ಕೂರಿಸಿದ ಝೀರೋ, ಎಂದರೆ ಗುರಿಯಿಟ್ಟಲ್ಲೇ ಪೆಲೆಟ್ ಬೀಳುವ ಹೊಂದಿಕೆ, ಅಲ್ಲೇ ನಿಲ್ಲುತ್ತದೆಯೇ ಎಂಬುದು. ಎರಡನೆಯದು, ಅದರ ಪ್ಯಾರಲಾಕ್ಸ್ ಅನ್ನು ಯಾವ ದೂರಕ್ಕೆ ಹೊಂದಿಸಿದ್ದಾರೆ ಎಂಬುದು.

ಪ್ಯಾರಲಾಕ್ಸ್ ಎಂದರೆ ಕಣ್ಣು ಸ್ವಲ್ಪ ಆಚೀಚೆ ಸರಿದಾಗ ಕ್ರಾಸ್‌ಹೇರ್ ಗುರಿಯ ಮೇಲೆ ಜಾರಿದಂತೆ ಕಾಣುವ ದೋಷ. ದೊಡ್ಡ ರೈಫಲ್‌ಗಳಿಗೆಂದು ಮಾಡಿದ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜಕ್ಕೂ, .22 ರೈಫಲ್‌ನವನ್ನು 50 ಗಜಕ್ಕೂ, ಏರ್ ರೈಫಲ್‌ನವನ್ನು 30-35 ಗಜಕ್ಕೂ ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ. ನೂರು ಗಜದ 4×32 ಅನ್ನು ನೀವು 25 ಮೀಟರಿಗೆ ಬಳಸಿದರೆ, ಕಣ್ಣು ಅಂಚಿಗೆ ಸರಿದಾಗ 11-12 ಮಿಲಿಮೀಟರಿನವರೆಗೆ ಗುರಿ ತಪ್ಪಬಹುದು. 35 ಗಜದ್ದಾದರೆ ಅದೇ ತಪ್ಪು ಮೂರೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಆದ್ದರಿಂದ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಅಂಗಡಿಯಾತನಿಗೆ ಗೊತ್ತಿಲ್ಲದಿದ್ದರೆ ಸ್ಕೋಪನ್ನು ಅಲುಗದಂತೆ ಮೇಜಿನ ಮೇಲೆ ಇಟ್ಟು, ನಿಮ್ಮ ಅಭ್ಯಾಸದ ದೂರದಲ್ಲಿರುವ ಒಂದು ಚುಕ್ಕೆಯನ್ನು ನೋಡುತ್ತ ತಲೆಯನ್ನಷ್ಟೇ ಎಡಬಲಕ್ಕೆ ಆಡಿಸಿ. ಕ್ರಾಸ್‌ಹೇರ್ ಚುಕ್ಕೆಯನ್ನು ಬಿಟ್ಟು ಎಷ್ಟು ಓಡಾಡುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಅದೇ ಬೆಳೆಗಾರರು ಮುಂದುವರಿದು: ಝೀರೋ ನಿಲ್ಲುವುದನ್ನು ಪರೀಕ್ಷಿಸುವುದು ಹೇಗೆ? ಗೆಳೆಯರೊಬ್ಬರ ಸ್ಕೋಪ್ ಎರಡು ತಿಂಗಳಿಗೇ ಹಾಳಾಯಿತು. ದಿನಕ್ಕೊಂದು ಕಡೆ ಹೊಡೆಯುತ್ತಿತ್ತು.

ಉತ್ತರ: ಅವರದೂ ಸ್ಪ್ರಿಂಗ್ ಏರ್ ರೈಫಲ್ಲೇ ಆಗಿದ್ದರೆ ಆಶ್ಚರ್ಯವಿಲ್ಲ. ಗುಂಡಿನ ರೈಫಲ್ ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ರೈಫಲ್‌ನಲ್ಲಿ ಪಿಸ್ಟನ್ ಮುಂದಕ್ಕೆ ಹೊರಟಾಗ ಬಂದೂಕು ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ಸಿಲಿಂಡರಿನ ತುದಿಗೆ ಬಂದು ನಿಂತ ಕ್ಷಣ ಮುಂದಕ್ಕೆ ಜಗ್ಗುತ್ತದೆ. ಈ ಎರಡನೆಯ ಜಗ್ಗಾಟಕ್ಕೆ ಸಿದ್ಧಪಡಿಸದ ಸ್ಕೋಪಿನೊಳಗೆ ಮಸೂರ ಸಡಿಲಗೊಳ್ಳುತ್ತದೆ, ಕೆಲವೊಮ್ಮೆ ಕ್ರಾಸ್‌ಹೇರ್ ಮುರಿಯುತ್ತದೆ. ಡಬ್ಬದ ಮೇಲೆ ಸ್ಪ್ರಿಂಗ್ ಏರ್ ರೈಫಲ್‌ಗೆ ತಕ್ಕದ್ದು ಎಂದು ಬರೆದಿರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಆದರೆ ‘ಸ್ಕೋಪ್ ಹಾಳು’ ಎಂದು ನನ್ನ ಮೇಜಿಗೆ ಬರುವವುಗಳಲ್ಲಿ ಹಲವದರ ತಪ್ಪು ಸ್ಕೋಪಿನದಲ್ಲ, ಅದನ್ನು ಬಂದೂಕಿಗೆ ಕೂರಿಸುವ ಮೌಂಟಿನದು. ಬಂದೂಕು ಮುಂದಕ್ಕೆ ಜಗ್ಗಿದಾಗ ಸ್ಕೋಪ್ ಇದ್ದಲ್ಲೇ ಉಳಿಯಲು ನೋಡುವುದರಿಂದ 11 ಮಿಲಿಮೀಟರಿನ ಡವ್‌ಟೇಲ್ ರೈಲಿನ (ಬಂದೂಕಿನ ಮೇಲಿನ ಜಾಡು) ಮೇಲೆ ಸ್ಕೋಪನ್ನು ಹಿಡಿದ ರಿಂಗುಗಳು ಕೂದಲೆಳೆಯಷ್ಟು ಹಿಂದಕ್ಕೆ ಜಾರುತ್ತ ಹೋಗುತ್ತವೆ. ರಿಂಗಿನ ಪಕ್ಕದಲ್ಲಿ ರೈಲಿನ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಎಳೆದಿಡಿ. ಐವತ್ತು ಪೆಲೆಟ್ ಹೊಡೆದ ಮೇಲೆ ಗೀಟಿಗೂ ರಿಂಗಿಗೂ ನಡುವೆ ಸಂದು ಬಿದ್ದಿದ್ದರೆ ರೋಗ ತಿಳಿಯಿತು. ಹಿಂಬದಿಯಲ್ಲಿ ಅಡ್ಡಪಿನ್ ಇರುವ ಒಂಟಿ ತುಂಡಿನ ಮೌಂಟ್ ಹಾಕಿ. ರಿಂಗಿನ ತಿರುಪುಗಳನ್ನು ಪೂರ್ತಿ ಬಲ ಹಾಕಿ ಬಿಗಿಯಬೇಡಿ, ಸುಮಾರು 2 ನ್ಯೂಟನ್ ಮೀಟರ್ ಸಾಕು. ಅದಕ್ಕಿಂತ ಹೆಚ್ಚಿನ ಬಿಗಿತಕ್ಕೆ ತೆಳುವಾದ ಅಲ್ಯೂಮಿನಿಯಂ ಕೊಳವೆ ನಜ್ಜಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ನಳಿಗೆ ಬಗ್ಗಿಸುವ ರೈಫಲ್‌ಗಳಲ್ಲಿ ನಳಿಗೆಯ ಮೂತಿ ರೈಲಿಗಿಂತ ಸ್ವಲ್ಪ ಕೆಳಮುಖವಾಗಿ ಕೂತಿರುವುದು ಸಾಮಾನ್ಯ. ಪೆಲೆಟ್ ಕೆಳಗೆ ಬೀಳುತ್ತದೆಂದು ಮಾಲೀಕರು ಸ್ಕೋಪಿನ ಮೇಲಿರುವ, ಗುರಿಯನ್ನು ಮೇಲೆ ಕೆಳಗೆ ಹೊಂದಿಸುವ ತಿರುಗಣೆಯನ್ನು ಕೊನೆಯವರೆಗೂ ತಿರುಗಿಸುತ್ತಾರೆ. ಆಗ ಒಳಗಿನ ಕೊಳವೆಯನ್ನು ಒತ್ತಿ ಹಿಡಿಯಬೇಕಾದ ಸ್ಪ್ರಿಂಗ್ ತನ್ನ ಬಿಗಿ ಕಳೆದುಕೊಂಡು ಪ್ರತಿ ಹೊಡೆತಕ್ಕೂ ಕ್ರಾಸ್‌ಹೇರ್ ಬೇರೆ ಬೇರೆ ಜಾಗಕ್ಕೆ ಹೋಗಿ ನಿಲ್ಲುತ್ತದೆ. ನಿಮ್ಮ ಗೆಳೆಯರದು ಇದೇ ಇರಬಹುದು. ತಿರುಗಣೆಗಳನ್ನು ನಡುಮಧ್ಯಕ್ಕೆ ತಂದು, ಹಿಂದಿನ ರಿಂಗಿನಡಿ ತೆಳುವಾದ ಪಟ್ಟಿಯಿಟ್ಟು ಸ್ಕೋಪಿನ ಹಿಂಭಾಗವನ್ನು ಎತ್ತರಿಸಿದರೆ ಅದು ಸರಿಹೋಗುವ ಸಾಧ್ಯತೆ ಹೆಚ್ಚು.

ಕ್ಲಿಕ್‌ಗಳ (ತಿರುಗಣೆ ತಿರುಗಿಸುವಾಗಿನ ಒಂದೊಂದು ಹೆಜ್ಜೆಯ) ಪ್ರಾಮಾಣಿಕತೆಯನ್ನು ಪೆಲೆಟ್ ಹೊಡೆಯದೆಯೇ ನೋಡಬಹುದು. ಖಾಲಿ ರೈಫಲನ್ನು ಖಾಲಿಯೆಂದು ಎರಡು ಸಲ ಖಚಿತಪಡಿಸಿಕೊಂಡು ಮರದ ಆಸರೆಯಲ್ಲಿ ಅಲುಗದಂತೆ ಕೂರಿಸಿ, 25 ಮೀಟರ್ ಆಚೆ ದಪ್ಪ ಗೆರೆಯ ಗ್ರಾಫ್ ಹಾಳೆ ಅಂಟಿಸಿ. ಕಾಲು ಮಿನಿಟಿನ (ಮಿನಿಟೆಂದರೆ ಇಲ್ಲಿ ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ ಆ ದೂರದಲ್ಲಿ 1.8 ಮಿಲಿಮೀಟರಿಗೆ ಸಮ. 40 ಕ್ಲಿಕ್ ಮೇಲಕ್ಕೆ ತಿರುಗಿಸಿದರೆ ಕ್ರಾಸ್‌ಹೇರ್ ಸುಮಾರು 73 ಮಿಲಿಮೀಟರ್ ಸರಿಯಬೇಕು. ಹಾಗೆಯೇ ಬಲಕ್ಕೆ, ಕೆಳಕ್ಕೆ, ಎಡಕ್ಕೆ ನಲವತ್ತು ನಲವತ್ತು ತಿರುಗಿಸಿದಾಗ ಹೊರಟ ಬಿಂದುವಿಗೇ ಮರಳಬೇಕು. ಅಗ್ಗದ ಸ್ಕೋಪಿನಲ್ಲಿ 73 ಇರಬೇಕಾದ್ದು 65 ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಏಕೆಂದರೆ ಒಮ್ಮೆ ಝೀರೋ ಮಾಡಿದ ಮೇಲೆ ಮುಚ್ಚಳ ಹಾಕಿಬಿಡುತ್ತೇವೆ. ಹೊರಟಲ್ಲಿಗೆ ಮರಳಿ ಬಾರದ ಸ್ಕೋಪನ್ನು ಮಾತ್ರ ಅಂಗಡಿಗೆ ಹಿಂದಿರುಗಿಸಿ.

ಪ್ರಶ್ನೆ (ಹಾಸನದ ತಾಯಿಯೊಬ್ಬರಿಂದ): ನನ್ನ ಮಗಳು 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಸಿದ್ಧವಾಗುತ್ತಿದ್ದಾಳೆ. ಮೇಲೆ ಹೇಳಿದ ಸ್ಕೋಪ್ ಅವಳಿಗೆ ನೆರವಾದೀತೇ?

ಉತ್ತರ: ಬೇಡ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ ಆ ಸ್ಪರ್ಧೆಯಲ್ಲಿ ರೈಫಲ್‌ಗೆ ದೂರದರ್ಶಕ ಜೋಡಿಸುವಂತಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಸಣ್ಣ ರಂಧ್ರದ ಪೀಪ್ ಸೈಟಿನಿಂದಲೇ. ಗುರಿಹಾಳೆಯ 10ರ ಗುರುತು ಅರ್ಧ ಮಿಲಿಮೀಟರಿನ ಚುಕ್ಕೆ. ಹತ್ತು ಮೀಟರಿನಲ್ಲಿ ನೂರು ಗಜದ ಅಗ್ಗದ ಸ್ಕೋಪಿನ ಪ್ಯಾರಲಾಕ್ಸ್ ದೋಷ 14 ಮಿಲಿಮೀಟರಿನವರೆಗೆ ಹೋಗಬಲ್ಲದು. ಆ ಹಣವನ್ನು ಒಳ್ಳೆಯ ಪೆಲೆಟ್‌ಗಳಿಗೆ ಖರ್ಚು ಮಾಡಿ.

ಪ್ರಶ್ನೆ (ಸಕಲೇಶಪುರದಿಂದ): ನಮ್ಮ ಗದ್ದೆಗೆ ಹಂದಿ ಕಾಟ ವಿಪರೀತ. ‘ಬೇಟೆಗೆ ಸೂಕ್ತ’ ಎಂದಿರುವ ಇದನ್ನು ಕೋವಿಗೆ ಕೂರಿಸಬಹುದೇ? ಅಮೆರಿಕದ ಮಿನ್ನೆಸೋಟದಲ್ಲಿರುವ ನನ್ನ ಭಾವ ಇಂಥದೇ ಸ್ಕೋಪಿನಿಂದ ಜಿಂಕೆ ಬೇಟೆ ಆಡುತ್ತಾರಂತೆ.

ಉತ್ತರ: ನಿಮ್ಮ ಭಾವನವರು ಆಡುವುದು ಅಲ್ಲಿನ ಸರ್ಕಾರ ಲೈಸೆನ್ಸ್ ಕೊಟ್ಟು, ಋತು ನಿಗದಿ ಮಾಡಿ ನಡೆಸುವ ಬೇಟೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸಿದೆ. ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕುವುದೂ, ಅಟ್ಟುವುದೂ, ಅಂಥ ಪ್ರಯತ್ನವೂ ಕಾಯ್ದೆಯ ಕಣ್ಣಿಗೆ ಬೇಟೆಯೇ. ಬೆಳೆ ಹಾನಿ ಮಾಡುವ ಹಂದಿಯ ವಿಷಯದಲ್ಲಿ 11ನೇ ಸೆಕ್ಷನ್ ಪ್ರಕಾರ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿ ಲಿಖಿತವಾಗಿ ಅನುಮತಿ ಕೊಡಬಹುದು. ಅದು ಕೈಗೆ ಬರುವವರೆಗೆ ಸ್ಕೋಪಿನ ಮಾತೇ ಬರುವುದಿಲ್ಲ. ಮೊದಲು ವಲಯ ಅರಣ್ಯಾಧಿಕಾರಿಯವರ ಕಚೇರಿಗೆ ಬೆಳೆ ಪರಿಹಾರದ ಅರ್ಜಿ ಹಾಕಿ.

ಭಾವನವರಿಗೆ ಹೇಳುವುದಾದರೆ, ಅಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಜಿಂಕೆಗೆ ಹೊಡೆಯಲು ಅವಕಾಶವಿದೆ. ಆ ಮಬ್ಬು ಹೊತ್ತಿನಲ್ಲಿ 8 ಮಿಲಿಮೀಟರಿನ ಬೆಳಕಿನ ಕಂಬ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮರಗಳ ನಡುವಿನ ಬೇಟೆಯಲ್ಲಿ ನಾಲ್ಕು ಪಟ್ಟು ವರ್ಧನೆ ಕಡಿಮೆಯೇನೂ ಆಗದು, ನೂರು ಮೀಟರಿನಲ್ಲಿ ಸುಮಾರು ಹತ್ತು ಮೀಟರ್ ಅಗಲದ ನೋಟ ಸಿಗುವುದರಿಂದ ಪ್ರಾಣಿ ಬೇಗ ಕಣ್ಣಿಗೆ ಸಿಗುತ್ತದೆ. ಅವರು ಗಮನಿಸಬೇಕಾದದ್ದು ಕಣ್ಣಿಗೂ ಸ್ಕೋಪಿಗೂ ಇರುವ ಅಂತರ. ಬಲವಾಗಿ ಒದೆಯುವ ರೈಫಲ್‌ಗೆ ಅದು ಮೂರೂವರೆ ಇಂಚಿಗಿಂತ ಕಡಿಮೆಯಿದ್ದರೆ ಸ್ಕೋಪಿನ ಅಂಚು ಬಡಿದು ಹುಬ್ಬಿನ ಮೇಲೆ ಅರ್ಧಚಂದ್ರ ಮೂಡುತ್ತದೆ.

ಪ್ರಶ್ನೆ (ಚಿಕ್ಕಮಗಳೂರಿನಿಂದ): ನಮ್ಮಲ್ಲಿನ ಮಳೆಗಾಲಕ್ಕೆ ಇದು ತಡೆಯುತ್ತದೆಯೇ?

ಉತ್ತರ: ಒಳಗೆ ತೇವ ಉಳಿಯದಂತೆ ನೈಟ್ರೋಜನ್ ತುಂಬಿದ್ದು ಎಂದು ಬರೆದಿದ್ದರೂ ಪರೀಕ್ಷಿಸಿಯೇ ನಂಬಿ. ಸ್ಕೋಪನ್ನು ಅರ್ಧ ಗಂಟೆ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು ಹೊರಗೆ ತೆಗೆಯಿರಿ. ಹೊರಗಾಜಿಗೆ ಮಂಜು ಕವಿಯುವುದು ಸಹಜ, ಒರೆಸಿದರೆ ಹೋಗುತ್ತದೆ. ಒರೆಸಿದ ಮೇಲೂ ಒಳಗೆ ಮಬ್ಬು ಉಳಿದರೆ ಸೀಲ್ ಸರಿಯಿಲ್ಲ. ಅಂಥದ್ದರಲ್ಲಿ ಆಷಾಢ ಮುಗಿಯುವಷ್ಟರಲ್ಲಿ ಮಸೂರಕ್ಕೆ ಜೇಡರ ಬಲೆಯಂಥ ಬೂಷ್ಟು ಹಿಡಿದಿರುತ್ತದೆ, ಲೇಪನವನ್ನೂ ಅದು ತಿಂದುಹಾಕುತ್ತದೆ. ಚರ್ಮದ ಚೀಲ ತೇವ ಹಿಡಿದಿಡುವುದರಿಂದ ಮಳೆಗಾಲದಲ್ಲಿ ಬೇಡವೇ ಬೇಡ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿಡಿ, ಅದರ ಹರಳುಗಳು ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಆದರೆ ಆ ಬಾಣಲೆಯನ್ನು ಮತ್ತೆ ಅಡುಗೆಗೆ ಉಪಯೋಗಿಸಬೇಡಿ.