ಹಕ್ಕಿಮರಿಯ ಕೊಕ್ಕು ‘ಪಳಗಿತು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಸೋಂದಾ ಹತ್ತಿರದ ಮುಂಡಿಗೆಕೆರೆಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಶಿರಸಿ ಕಡೆಯ ಶಾಲೆಯೊಂದಕ್ಕೆ ಚಿಕ್ಕ ಬರಹ ಬೇಕಾಗಿದೆ. ನೀರುಹಕ್ಕಿಯ ಮರಿಗಳು ಬದುಕುವುದನ್ನು ದೊಡ್ಡವುಗಳಿಂದ ಹೇಗೆ ಕಲಿಯುತ್ತವೆ ಅನ್ನುವುದು ವಿಷಯ. ಅವರು ಕೊಟ್ಟ ತಲೆಬರಹ ‘ಜಲಪಕ್ಷಿಗಳಲ್ಲಿ ಪೋಷಕರಿಂದ ಉಳಿವಿನ ಕೌಶಲ್ಯಗಳ ತರಬೇತಿ’. ಐದನೇ ಕ್ಲಾಸಿನ ಮಕ್ಕಳು ಇದನ್ನು ಓದಿದ ಮೇಲೂ ಕೆರೆ ನೋಡಲು ಬಂದರೆ ಅದು ಮಕ್ಕಳ ದೊಡ್ಡತನ. ತಲೆಬರಹ ಬದಲಿಸಲು ಒಪ್ಪಿದ್ದಾರೆ. ಒಳಗಿನ ಕೆಲವು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಿದೆ.

‘ಪೋಷಕರು’ ಅಂದರೆ ಶಾಲೆಯ ಮೀಟಿಂಗೇ ಕಣ್ಣಿಗೆ ಬರುತ್ತದೆ. ‘ಹೆತ್ತವರು’ ಅನ್ನೋಣವೆಂದರೆ ಹಕ್ಕಿ ಹೆರುವುದಿಲ್ಲ, ಮೊಟ್ಟೆ ಇಡುತ್ತದೆ. ‘ತಾಯಿಹಕ್ಕಿ’ ಸುಲಭವಾಗಿ ಬಾಯಿಗೆ ಬರುತ್ತದೆ, ಆದರೆ ಕೆರೆಯ ಎಲೆಗಳ ಮೇಲೆ ಓಡಾಡುವ ದೇವನಕ್ಕಿಯ (ಜಕಾನಾ) ಮಟ್ಟಿಗೆ ಅದು ಸುಳ್ಳು. ಅಲ್ಲಿ ಕಾವು ಕೂರುವುದೂ ಗಂಡು, ಮರಿ ಕಾಯುವುದೂ ಗಂಡು. ಅಪಾಯ ಕಂಡರೆ ಮರಿಗಳನ್ನು ರೆಕ್ಕೆಯಡಿ ಅವುಚಿಕೊಂಡು ಎಲೆಗಳ ಮೇಲೆ ನಡೆದುಬಿಡುತ್ತದೆ. ಮರಿಗಳ ಉದ್ದನೆಯ ಕಾಲುಗಳು ಮಾತ್ರ ಕೆಳಗೆ ಜೋತಾಡುತ್ತಿರುತ್ತವೆ. ಬೆಳ್ಳಕ್ಕಿ, ನೀರುಕಾಗೆಗಳಲ್ಲಿ ಗಂಡು ಹೆಣ್ಣು ಎರಡೂ ದುಡಿಯುತ್ತವೆ. ಸದ್ಯಕ್ಕೆ ‘ಅಪ್ಪ-ಅಮ್ಮ’ ಅಂತ ಬರೆದಿದ್ದೇನೆ.

ನಿಜವಾದ ತೊಡಕು ‘ಕಲಿಸು’. ಸಿಳ್ಳೆಬಾತಿನ ಮರಿ ಮೊಟ್ಟೆಯಿಂದ ಬರುವಾಗಲೇ ಕಣ್ಣು ಬಿಟ್ಟಿರುತ್ತದೆ, ಮೈತುಂಬ ತುಪ್ಪುಳ. ಮರದ ಪೊಟರೆಯಲ್ಲಿ ಹುಟ್ಟಿದ್ದರೆ ಕೆಳಗೆ ಧುಮುಕಿ ನೀರು ಸೇರುತ್ತದೆ. ಈಜು ಯಾರೂ ಹೇಳಿಕೊಟ್ಟಿದ್ದಲ್ಲ. ಮೇಯುವುದೂ ತಾನೇ. ದೊಡ್ಡವು ಮುಂದೆ ಹೋಗುತ್ತವೆ, ಕಾಯುತ್ತವೆ, ಕೂಗುತ್ತವೆ, ಅಷ್ಟೇ. ಮೇವು ಎಲ್ಲಿ, ಅಡಗಲು ಜಾಗ ಎಲ್ಲಿ ಅನ್ನುವುದು ಅವುಗಳ ಹಿಂದೆ ಸುತ್ತಿ ಸುತ್ತಿ ತಿಳಿಯುತ್ತದೆ. ಗದ್ದೆ ಬದುವಿನ ಟಿಟ್ಟಿಭದ ಮರಿ ಇನ್ನೂ ಒಂದು ಹೆಜ್ಜೆ ಮುಂದೆ. ಅಪ್ಪ-ಅಮ್ಮ ಮೇಲಿನಿಂದ ಕಿರುಚಿದರೆ ಸಾಕು, ಇದ್ದಲ್ಲೇ ನೆಲಕ್ಕೆ ಅಂಟಿಕೊಳ್ಳುತ್ತದೆ. ಕಾಲ ಬುಡದಲ್ಲೇ ಇದ್ದರೂ ಮಣ್ಣಹೆಂಟೆಯೋ ಮರಿಯೋ ಗೊತ್ತಾಗುವುದಿಲ್ಲ. ಇದು ಹುಟ್ಟುಗುಣ, ಪಾಠವಲ್ಲ.

ಪ್ರಾಣಿಗಳಲ್ಲಿ ಕಲಿಸುವುದು ಅಂದರೇನು ಅನ್ನುವುದಕ್ಕೆ 1992ರಲ್ಲಿ ಪ್ರಾಣಿಗಳ ನಡವಳಿಕೆ ಓದುವ ಟಿಮ್ ಕಾರೋ ಮತ್ತು ಮಾರ್ಕ್ ಹೌಸರ್ ಒಂದು ಅಳತೆ ಕೊಟ್ಟರು. ಗೊತ್ತಿಲ್ಲದವ ಎದುರಿಗಿದ್ದಾಗ ಮಾತ್ರ ಗೊತ್ತಿದ್ದವ ತನ್ನ ನಡೆ ಬದಲಿಸಬೇಕು. ಅದರಿಂದ ಗೊತ್ತಿದ್ದವನಿಗೆ ಆ ಕ್ಷಣಕ್ಕೆ ಲಾಭ ಇರಬಾರದು. ಗೊತ್ತಿಲ್ಲದವ ತಾನಾಗಿಯೇ ಕಲಿಯುತ್ತಿದ್ದುದಕ್ಕಿಂತ ಬೇಗ ಕಲಿಯಬೇಕು. ಸುಮ್ನೆ ಮುಂದೆ ಈಜಿಕೊಂಡು ಹೋಗುವ ಬಾತನ್ನು ಈ ಅಳತೆಗೆ ಹಿಡಿದರೆ ‘ಕಲಿಸಿತು’ ಅನ್ನುವುದು ಕಷ್ಟ. ಹಾಗಾಗಿ ಮರಿ ‘ಕಲಿಯುತ್ತದೆ’ ಅಂತ ಬರೆಯುತ್ತೇನೆ, ಅಪ್ಪ-ಅಮ್ಮ ‘ಕಲಿಸುತ್ತವೆ’ ಅಂತ ಬರೆಯುವುದಿಲ್ಲ. ಜಾಸ್ತಿ ಕಟ್ಟುನಿಟ್ಟಾಯಿತು ಅನ್ನಿಸಿದರೆ ಹೇಳಿ.

ಅಪ್ಪ-ಅಮ್ಮನ ಬೆನ್ನು ಹತ್ತುವ ಬುದ್ಧಿಗೆ ‘ಅಚ್ಚೊತ್ತು’ ಚೆನ್ನಾಗಿ ಕೂರುತ್ತದೆ. ಹೆಬ್ಬಾತಿನ ಮರಿ ಮೊದಲು ಕಂಡ ಓಡಾಡುವ ಜೀವವನ್ನೇ ತನ್ನದೆಂದು ಹಿಡಿಯುತ್ತದೆ ಎಂದು ಪ್ರಾಣಿಗಳ ನಡವಳಿಕೆಯ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ 1935ರಲ್ಲಿ ವಿವರವಾಗಿ ಬರೆದದ್ದು ಇದನ್ನೇ. ಮರಿಗಳು ಲೊರೆನ್ಸ್ ಅವರ ಹಿಂದೆಯೇ ಸಾಲುಗಟ್ಟಿ ಹೋಗುತ್ತಿದ್ದವು. ಈ ಪದಕ್ಕೆ ತಕರಾರಿಲ್ಲ ಅಂದುಕೊಂಡಿದ್ದೇನೆ.

ಈಗ ಮುಖ್ಯ ಪ್ರಶ್ನೆ. ‘ರೆಕ್ಕೆ ಬಲಿಯಿತು’ ಅನ್ನುವ ಮಾತು ನಮ್ಮಲ್ಲಿದೆ. ಅದು ಮೈಯ ಸಂಗತಿ. ಆದರೆ ರೆಕ್ಕೆ ಬಲಿತ ಬೆಳ್ಳಕ್ಕಿ ಮರಿಯನ್ನು ಗದ್ದೆಯ ನೀರಲ್ಲಿ ನೋಡಿ. ಕುತ್ತಿಗೆ ಚಾಚಿ, ಒಂದು ಕಾಲು ಎತ್ತಿ, ದೊಡ್ಡವರಂತೆಯೇ ನಿಂತಿರುತ್ತದೆ. ಚಕ್ಕನೆ ಕುಕ್ಕುತ್ತದೆ. ಮೇಲೆ ಬಂದಾಗ ಕೊಕ್ಕಲ್ಲಿ ಹುಲ್ಲಿನ ಕಡ್ಡಿ. ಅದನ್ನು ಕೊಡವಿ ಮತ್ತೆ ನಿಲ್ಲುತ್ತದೆ. ನೀರಿನೊಳಗಿನ ಮೀನು ಕಂಡ ಜಾಗದಲ್ಲಿ ಇರುವುದಿಲ್ಲ, ಬೆಳಕು ಬಾಗುತ್ತದೆ. ಕಣ್ಣಿಗೆ ಕಂಡದ್ದಕ್ಕಿಂತ ಬೇರೆ ಕಡೆ ಕೊಕ್ಕು ಹೋಗಬೇಕು. ಕಾರವಾರದ ಕಡಲಂಚಿನಲ್ಲಿ ಕಾಣುವ ಬೂದು ಬೆಳ್ಳಕ್ಕಿ ಈ ಓರೆಯನ್ನು ಲೆಕ್ಕ ಹಾಕಿಯೇ ಕುಕ್ಕುತ್ತದೆ ಅನ್ನುವುದು ಪ್ರಯೋಗದಲ್ಲಿ ಗೊತ್ತಾಗಿದೆ. ಬಕದ ಜಾತಿಯ ಎಳೆಯ ಹಕ್ಕಿಗಳ ಗುರಿ ದೊಡ್ಡವಕ್ಕಿಂತ ಜಾಸ್ತಿ ತಪ್ಪುತ್ತದೆ. ರೆಕ್ಕೆ ಬಲಿತು ಗುರಿ ಇನ್ನೂ ಕೂಡದ ಈ ನಡುವಿನ ಕಾಲವೇ ಕಷ್ಟದ್ದು. ಗೂಡಿಗೆ ತಂದುಕೊಡುವವರು ಈಗ ಇಲ್ಲ.

ಈ ಕಾಲ ದಾಟಿದ್ದಕ್ಕೆ ಏನೆನ್ನಬೇಕು? ‘ಕೈ ಪಳಗಿದೆ’ ಅನ್ನುತ್ತೇವಲ್ಲ, ಹಾಗೆಯೇ ‘ಕೊಕ್ಕು ಪಳಗಿತು’ ಅಂತ ಬರೆದಿದ್ದೇನೆ. ನನಗೆ ಇಷ್ಟವಾಗಿದೆ. ಶಾಲೆಯ ಟೀಚರ್ ಒಬ್ಬರು ಮಾತ್ರ ಒಪ್ಪಲಿಲ್ಲ: ‘ಪಳಗಿದ ಆನೆ ಅಂದ ಹಾಗೆ, ಹಕ್ಕಿಯನ್ನು ಯಾರೋ ಸಾಕಿದ್ದಾರೆ ಅಂತ ಮಕ್ಕಳು ಓದುತ್ತಾರೆ.’ ಪಳಗಿದ್ದು ಹಕ್ಕಿಯಲ್ಲ, ಕೊಕ್ಕು ಅಂದೆ. ಅವರ ಮುಖ ಸಡಿಲವಾಗಲಿಲ್ಲ. ‘ರೂಢಿಯಾಯಿತು’ ಅನ್ನಬಹುದು, ಆದರೆ ಅದರಲ್ಲಿ ಚುರುಕಿಲ್ಲ. ಅಂಕೋಲಾ, ಕುಮಟಾ ಕಡೆ ಮೀನು ಹಿಡಿಯುವವರ ಮನೆಗಳಲ್ಲಿ, ಹೊಸದಾಗಿ ಬಲೆ ಬೀಸುವ ಹುಡುಗನಿಗೆ ಕೈ ಕೂಡಿದಾಗ ಏನನ್ನುತ್ತಾರೆ? ಅಲ್ಲಿಯ ಮಾತು ಸಿಕ್ಕರೆ ಅದನ್ನೇ ತರುತ್ತೇನೆ.

ಇನ್ನೊಂದು ಚಿಕ್ಕದು. ‘ಗುಟುಕು ಕೊಡು’ ಅಂದರೆ ಗುಬ್ಬಿಯಂತೆ ಬಾಯಿಗೆ ಬಾಯಿ ಇಟ್ಟು ತಿನ್ನಿಸುವುದು ನೆನಪಾಗುತ್ತದೆ. ಬೆಳ್ಳಕ್ಕಿ ನುಂಗಿದ್ದನ್ನು ಕಕ್ಕಿ ಕೊಡುತ್ತದೆ. ನೀರುಕಾಗೆಯ ಮರಿಯಂತೂ ಅಪ್ಪ-ಅಮ್ಮನ ಗಂಟಲೊಳಗೆ ತಲೆಯನ್ನೇ ತೂರಿಸುತ್ತದೆ. ಇದಕ್ಕೂ ‘ಗುಟುಕು’ ನಡೆಯುತ್ತದೆಯೇ, ‘ಕಕ್ಕಿ ಉಣಿಸು’ ಅಂತ ನೇರವಾಗಿ ಬರೆಯಲೇ? ಮಕ್ಕಳು ನಗುತ್ತಾರೆ, ನಗಲಿ. ಊಟದ ಡಬ್ಬಿ ಬಿಚ್ಚುವ ಮುಂಚೆ ಓದಿಸಬೇಡಿ ಅಂತ ಟೀಚರಿಗೆ ಹೇಳಿದ್ದೇನೆ.