ಅಪ್‌ಡೇಟ್: ಸಂಡೂರಿನ ಗುಡ್ಡಗಳಲ್ಲಿ ಲಾರಿಗಳಿಲ್ಲದ ಸೈಕಲ್ ದಾರಿ ಸಿಕ್ಕಿತು

ಸಂಡೂರಿನ ಕಾಡುಗುಡ್ಡಗಳ ನಡುವೆ ಅದಿರು ಲಾರಿಗಳ ಕಾಟವಿಲ್ಲದೆ ಗ್ರಾವೆಲ್ ಸೈಕಲ್ (ಮಣ್ಣು, ಜಲ್ಲಿ ದಾರಿಗೆ ತಕ್ಕ ಅಗಲ ಟೈರಿನ ಸೈಕಲ್) ಓಡಿಸಲು ಯಾವ ದಾರಿ ಒಳ್ಳೆಯದು, ಮುಳ್ಳಿನಿಂದ ಪಂಕ್ಚರ್ ಆಗುವುದನ್ನು ತಡೆಯುವುದು ಹೇಗೆ ಎಂದು ಕೆಲವು ದಿನಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು.

ನಸುಕಿನಲ್ಲೇ ಹೊಸಪೇಟೆ ರಸ್ತೆ ಹಿಡಿಯುವ ಸಲಹೆ ಫಲಿಸಲಿಲ್ಲ. ಆ ಹೊತ್ತಿಗೂ ಲಾರಿಗಳು ಸಾಲುಗಟ್ಟಿದ್ದವು. ನಾರಿಹಳ್ಳ ಜಲಾಶಯದ ಕಡೆ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಸಾಗಿ ಎಂದವರ ಮಾತು ನಿಜವಾಯಿತು. ಮಳೆಯಿಂದ ಹಸಿರಾದ ಗುಡ್ಡಗಳನ್ನು ಎರಡೂ ಬದಿಗೆ ಕಾಣುತ್ತಾ, ಒಂದು ಹಾರನ್ ಕೂಡ ಕೇಳದೆ ಸಾಗುವ ಸುಖ ಬಳ್ಳಾರಿ ಜಿಲ್ಲೆಯಲ್ಲಿಯೇ ಇದೆ ಎಂಬುದು ನನಗೆ ಬಹಳ ಸಂತೋಷ ತಂದಿತು.

ದಪ್ಪ ಟ್ಯೂಬ್ ಹಾಕಿದರೂ ಬಳ್ಳಾರಿ ಜಾಲಿಯ ಮುಳ್ಳು ಒಳಹೊಕ್ಕಿತು. ಟ್ಯೂಬ್‌ಲೆಸ್ ಟೈರಿಗೆ ಸೀಲೆಂಟ್ (ಸಣ್ಣ ತೂತುಗಳನ್ನು ತಾನೇ ಮುಚ್ಚುವ ದ್ರವ) ಹಾಕಿಸಿದ ಮೇಲೆ ಆ ತೊಂದರೆ ತಪ್ಪಿದೆ. 40 ಮಿಲಿಮೀಟರ್ ಅಗಲದ ಟೈರಿನಲ್ಲಿ ಗಾಳಿಯನ್ನು 35 ಪಿಎಸ್‌ಐಗೆ ಇಳಿಸಿದ್ದರಿಂದ ಉರುಳುವ ಅದಿರುಗಲ್ಲುಗಳ ಮೇಲೆ ಹಿಡಿತವೂ ಸುಧಾರಿಸಿತು. ಮಳೆ ಬಂದ ಮರುದಿನ ಮಾತ್ರ ಹೋಗಬೇಡಿ, ಕೆಂಪು ಕೆಸರು ಚೈನಿಗೆ ಅಂಟಿ ಗೇರ್ ಬದಲಾಗುವುದಿಲ್ಲ.

ನಾನು ನಿರೀಕ್ಷಿಸದಿದ್ದ ಸಂಗತಿಯನ್ನು ತಿಳಿಸಿದವರು ಒಬ್ಬ ಕುರಿಗಾಹಿ ಅಜ್ಜ. ಕರಡಿಗಳು ದರೋಜಿ ಧಾಮದಲ್ಲಷ್ಟೇ ಅಲ್ಲ, ಈ ಗುಡ್ಡಗಳಲ್ಲೂ ಇವೆ. ಸಂಜೆಯಾಗುತ್ತಲೇ ಆಹಾರ ಹುಡುಕುತ್ತಾ ಇಳಿಯುತ್ತವೆ. ಆದ್ದರಿಂದ ಹೊತ್ತು ಮುಳುಗುವ ಮುನ್ನವೇ ಊರು ಸೇರಿಕೊಳ್ಳಿ. ಮೀಸಲು ಅರಣ್ಯದೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಿರಿ.